ಗುಡ್ಡೆಗೆ 5ಜಿ, ತೋಟಕ್ಕೆ 4ಜಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ ನಮ್ಮ ಮನೆ. ಸುತ್ತಲೂ ಅಡಿಕೆ ತೋಟ. ಈ ಆಟಿಯ (ಜುಲೈ-ಆಗಸ್ಟ್‌ನ ಮಳೆಯ ತಿಂಗಳು) ಒಂದು ವಾರ ಪಟ್ಟು ಹಿಡಿದು ಪರೀಕ್ಷಿಸಿದೆ: ಒಂದೇ ಮೊಬೈಲು, ಎರಡು ಕಂಪನಿಗಳ ಸಿಮ್, ಮೂರು ಜಾಗ. ಜಗಲಿ, ತೋಟದ ನಡು, ಹಿಂದಿನ ಗುಡ್ಡೆಯ ತಲೆ. ಪ್ರತಿ ಸಲವೂ ಬೆಂಗಳೂರಿನ ಮಗಳಿಗೆ ಒಂದು ಕರೆ, ಕೊಳೆರೋಗ ತಗಲಿದ ಗೊನೆಯ ಮೂರು ಎಂಬಿಯ ಒಂದು ಚಿತ್ರ.

2ಜಿಯಲ್ಲಿ ಕರೆ ಮೂರೂ ಕಡೆ ಹೋಯಿತು. ಚಿತ್ರ ಮಾತ್ರ ನಾಲ್ಕು ನಿಮಿಷ ಸುತ್ತಿ ನಿಂತುಬಿಟ್ಟಿತು. 2ಜಿಯ ಇಂಟರ್ನೆಟ್ಟಾದ ಎಡ್ಜ್ ಎಷ್ಟೇ ಚೆನ್ನಾಗಿ ಸಿಕ್ಕರೂ ಸೆಕೆಂಡಿಗೆ ಇನ್ನೂರು ಚಿಲ್ಲರೆ ಕಿಲೋಬಿಟ್. ಆ ಲೆಕ್ಕದಲ್ಲಿ ಈ ಚಿತ್ರಕ್ಕೆ ಹತ್ತಿರ ಹತ್ತಿರ ಎರಡು ನಿಮಿಷ ಬೇಕು.

3ಜಿ ಈಗ ಇಲ್ಲಿ ಸಿಗುವುದಿಲ್ಲ, ನೆನಪಿನಿಂದಲೇ ಹೇಳಬೇಕು. 2100 ಮೆಗಾಹರ್ಟ್ಸ್‌ ಆವರ್ತನದ (ಸೆಕೆಂಡಿಗೆ ಅಷ್ಟು ದಶಲಕ್ಷ ಕಂಪನ) ಆ ಅಲೆ ನಮ್ಮ ತಗ್ಗಿಗೆ ಸರಿಯಾಗಿ ಇಳಿಯುತ್ತಲೇ ಇರಲಿಲ್ಲ. ಪೂರ್ವದ ಕಿಟಕಿಯ ದಳಿಗೆ ಮೊಬೈಲನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಕೈ ತಾಗಿಸದೆ ಕತ್ತು ಚಾಚಿ ಅಮ್ಮ ಮೊಮ್ಮಗಳ ಮುಖ ನೋಡುತ್ತಿದ್ದರು. ದಳಿಯ ಬಣ್ಣದ ಮೇಲೆ ಆ ಗುರುತು ಇನ್ನೂ ಇದೆ.

4ಜಿಯಲ್ಲಿ ನನಗೆ ನಿಜವಾದ ಪಾಠವಾಯಿತು. ಒಂದು ಸಿಮ್ 850 ಮೆಗಾಹರ್ಟ್ಸ್ ಹಿಡಿಯುತ್ತಿತ್ತು, ಇನ್ನೊಂದು 2300. ತೋಟದ ನಡುವೆ ಮೊದಲನೆಯದು ಚಿತ್ರವನ್ನು ಹನ್ನೊಂದು ಸೆಕೆಂಡಿನಲ್ಲಿ ಕಳುಹಿಸಿತು. ಎರಡನೆಯದಕ್ಕೆ ರೇಂಜೇ ಇಲ್ಲ. ಎರಡೂ 4ಜಿಯೇ! ಕಡಿಮೆ ಆವರ್ತನದ ಉದ್ದನೆಯ ಅಲೆ ಗುಡ್ಡೆಯ ಅಂಚನ್ನು ಬಳಸಿ ಇಳಿಯುತ್ತದೆ, ಒದ್ದೆ ಸೋಗೆಗಳನ್ನೂ ಸುಲಭವಾಗಿ ದಾಟುತ್ತದೆ. ಮಾತು ಕೂಡ ಡೇಟಾದ ಜೊತೆಗೇ ಹೋಗುತ್ತದೆ, ದನಿಯೂ ಬಹಳ ಸ್ಪಷ್ಟ. ಮಗಳ ಹಿಂದೆ ಕುಕ್ಕರ್ ಕೂಗಿದ್ದು ತೋಟದಲ್ಲಿ ನಿಂತ ನನಗೆ ಕೇಳಿಸಿತು. ಜಾಹೀರಾತಿನಲ್ಲಿ 4ಜಿ, 5ಜಿ ಎಂದು ತಲೆಮಾರಿನ ಅಂಕಿಯನ್ನು ದೊಡ್ಡದಾಗಿ ಬರೆಯುವವರು ಈ ಆವರ್ತನದ ಅಂಕಿಯನ್ನೂ ಬರೆಯಬೇಕಿತ್ತು.

ಭಾರತಕ್ಕೆ 2022ರ ಅಕ್ಟೋಬರ್ 1ರಂದು ಬಂದ 5ಜಿ ನಮಗೆ ಸಿಕ್ಕಿದ್ದು ಗುಡ್ಡೆಯ ತಲೆಯಲ್ಲಿ ಮಾತ್ರ. ಅಲ್ಲಿ ಅದರ ವೇಗ ಅದ್ಭುತ: ಬೆರಳು ಎತ್ತುವಷ್ಟರಲ್ಲಿ ಚಿತ್ರ ಹೋಗಿ ಆಗಿತ್ತು. ಐವತ್ತು ಹೆಜ್ಜೆ ಇಳಿದರೆ ಮತ್ತೆ 4ಜಿ. ಹೆಚ್ಚಿನ 5ಜಿ ಓಡುವುದು 3300 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ. ಅಷ್ಟು ಮೇಲಿನ ಆವರ್ತನಕ್ಕೆ ನಮ್ಮಂಥ ತಗ್ಗು ದೂರವೇ. (ಅದೇ ಗುಡ್ಡೆಯಲ್ಲಿ ಈಗಲೂ ಕೆಲವೊಮ್ಮೆ ಕರ್ನಾಟಕದ ಟವರ್ ಸಿಕ್ಕಿ, ನಮ್ಮದೇ ಜಾಗದಲ್ಲಿ ನಾವು ರೋಮಿಂಗ್ ಆಗುತ್ತೇವೆ. ಹಿಂದೆ ಇದರಿಂದ ಬಂದ ಕರೆಗೂ ದುಡ್ಡು ಹೋಗುತ್ತಿತ್ತು.)

ನಾಲ್ಕನೆಯ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಎರಡು ಗಂಟೆ ಕಳೆಯುವಷ್ಟರಲ್ಲಿ ನನ್ನ ಎರಡೂ ಸಿಮ್‌ಗಳ 4ಜಿ ಹೋಗಿತ್ತು, 2ಜಿಯ ಒಂದು ಕಡ್ಡಿ ಉಳಿದಿತ್ತು. ಬೆಳಗ್ಗಿನ ಐದಕ್ಕೆ ಆ 2ಜಿಯಲ್ಲೇ ಅಮ್ಮನ ಕೀಪ್ಯಾಡ್ ಮೊಬೈಲ್ ಹೊಡೆದುಕೊಂಡಿತು. ಆಚೆ ಮನೆಯ ಅಣ್ಣ: “ತೋಡಿನ ಬದಿಯಲ್ಲಿ ಕರೆಂಟಿನ ತಂತಿ ಬಿದ್ದಿದೆ ಅತ್ತೆ, ಯಾರೂ ತೋಟಕ್ಕೆ ಇಳಿಯಬೇಡಿ.” ನಾನು ಆಗಲೇ ಟಾರ್ಚ್ ಹಿಡಿದು ಅಂಗಳ ದಾಟಿದ್ದೆ.

850ರ ಸಿಮ್ ಉಳಿಸಿಕೊಂಡಿದ್ದೇನೆ, 2300ರದ್ದನ್ನು ಬಿಟ್ಟೆ. ಅಮ್ಮನ ಮೊಬೈಲನ್ನು ಬದಲಾಯಿಸುವ ಮಾತನ್ನು ಮನೆಯಲ್ಲಿ ಇನ್ನು ಯಾರೂ ಎತ್ತುವುದಿಲ್ಲ.