ನಾಟಾ ಎಳೆಯುವ ಟ್ರ್ಯಾಕ್ಟರಿಗೆ ಏಣಿ ಸರಪಳಿಯೋ, ವಜ್ರಾಕಾರದ ಸರಪಳಿಯೋ?

ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಕಡಿಸಿದ ಮೇಲೆ ಎರಡು ಅಡ್ಡಮಳೆ ಬಿದ್ದರೂ ಸಾಕು, ಕೆಮ್ಮಣ್ಣಿನ ಏರುದಾರಿಯಲ್ಲಿ ದಿಮ್ಮಿ ಕಟ್ಟಿಕೊಂಡ ಟ್ರ್ಯಾಕ್ಟರು ಮುಂದೆ ಸರಿಯದೆ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಇದಕ್ಕಾಗಿ 13.6-28 ಅಳತೆಯ ಹಿಂದಿನ ಟಯರುಗಳಿಗೆ ಎರಡು ಬಗೆಯ ಸರಪಳಿಗಳನ್ನು ಒಂದೊಂದು ಹಂಗಾಮು ಕಟ್ಟಿ ನೋಡಿದ್ದೇನೆ. ಗದ್ದೆಯ ಕೇಜ್ ವೀಲನ್ನು, ಅಂದರೆ ಪಂಜರದಂಥ ಕಬ್ಬಿಣದ ಚಕ್ರವನ್ನು, ಮಾತ್ರ ತೋಟದೊಳಗೆ ತರಲಿಲ್ಲ. ಅದು ಕೆಸರುಗದ್ದೆಗೇ ಸರಿ.

ಮೊದಲನೆಯದು ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಸಾಧಾರಣ ಕಬ್ಬಿಣದಿಂದ ಮಾಡಿಸಿದ ಏಣಿ ಸರಪಳಿ. ಪಕ್ಕದ ಎರಡು ಸರಪಳಿಗಳ ನಡುವೆ ಮೆಟ್ಟಿಲಿನಂತೆ ಅಡ್ಡ ತುಂಡುಗಳಿರುವ ಇದು ಅಗ್ಗ, ಹಗುರ, ಕಟ್ಟುವುದೂ ಸುಲಭ. ಆದರೆ ಟ್ರ್ಯಾಕ್ಟರಿನ ಟಯರಿನ ಉಬ್ಬುಪಟ್ಟಿಗಳು ಓರೆಯಾಗಿದ್ದು, ಅವುಗಳ ನಡುವೆ ಆಳವಾದ ಸಂದುಗಳಿರುವುದರಿಂದ, ಹೊರೆ ಬಿದ್ದೊಡನೆ ಅಡ್ಡ ತುಂಡುಗಳು ಜಾರಿ ಆ ಸಂದುಗಳಲ್ಲಿ ಕುಳಿತುಬಿಡುತ್ತವೆ. ಆಮೇಲೆ ನೆಲಕ್ಕೆ ತಾಗುವುದು ಬಹುಪಾಲು ಬರಿಯ ರಬ್ಬರೇ. ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಪಕ್ಕಕ್ಕೆ ಜಾರುವ ಗುಣ. ಗುಡ್ಡದ ಮಗ್ಗುಲಿನ ದಾರಿಯಲ್ಲಿ ಒಮ್ಮೆ ಹಿಂದಿನ ಚಕ್ರಗಳು ಕೆಳಬದಿಗೆ ಸರಿದು, ಮೂರು ಕಾಫಿ ಗಿಡಗಳನ್ನು ಮುರಿದು, ಹಳೆಯ ಮರದ ಬುಡವೊಂದಕ್ಕೆ ತಾಗಿ ನಿಂತವು. ಆ ಬುಡ ಅಲ್ಲಿಲ್ಲದಿದ್ದರೆ ಏನಾಗುತ್ತಿತ್ತೆಂದು ಈಗಲೂ ನೆನೆಯಲಾರೆ.

ಮರುವರ್ಷ ಗಟ್ಟಿಗೊಳಿಸಿದ ಮಿಶ್ರಲೋಹದ, ವಜ್ರಾಕಾರದ ಹೆಣಿಗೆಯ ಸರಪಳಿ ತರಿಸಿದೆ. ಬೆಲೆ ಏಣಿಯದಕ್ಕಿಂತ ಹಲವು ಪಟ್ಟು. ತೂಕ ಎಷ್ಟೆಂದರೆ ಒಂದು ಚಕ್ರಕ್ಕೆ ಹೊದಿಸಲು ಇಬ್ಬರು ಬೇಕು. ಆದರೆ ಓರೆಯಾಗಿ ಹೆಣೆದ ಕೊಂಡಿಗಳು ಟಯರಿನ ಸಂದಿಗೆ ಇಳಿಯದೆ ಉಬ್ಬುಪಟ್ಟಿಗಳ ಮೇಲೆಯೇ ನಿಲ್ಲುತ್ತವೆ, ಸದಾ ಯಾವುದಾದರೊಂದು ಕೊಂಡಿ ನೆಲವನ್ನು ಕಚ್ಚಿರುವುದರಿಂದ ಕುಲುಕಾಟ ಕಡಿಮೆ, ಎಲ್ಲಕ್ಕಿಂತ ಮಿಗಿಲಾಗಿ ಪಕ್ಕದ ಜಾರುವಿಕೆಗೂ ತಡೆ ಸಿಗುತ್ತದೆ. ಅದೇ ಮಗ್ಗುಲು ದಾರಿಯಲ್ಲಿ ಆ ಹಂಗಾಮಿನಲ್ಲಿ ಒಮ್ಮೆಯೂ ಚಕ್ರ ಸರಿಯಲಿಲ್ಲ. ಇಳಿಜಾರಿನಲ್ಲಿ ನಾಟಾ ಎಳೆಸುವವರು ದುಡ್ಡು ಕೂಡಿಸಿಯಾದರೂ ಇದನ್ನೇ ಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಯಾವುದನ್ನೇ ಕಟ್ಟಿದರೂ ಮೊದಲು ಟಯರಿನ ಗಾಳಿ ಸರಿಯಿರಬೇಕು. ಕಟ್ಟಿ ಸ್ವಲ್ಪ ದೂರ ಓಡಿಸಿದ ಮೇಲೆ ಸರಪಳಿ ಹೊಂದಿಕೊಂಡು ಸಡಿಲವಾಗುತ್ತದೆ. ಆಗ ನಿಲ್ಲಿಸಿ ಮತ್ತೆ ಬಿಗಿಯದಿದ್ದರೆ ಅದು ಮಡ್‌ಗಾರ್ಡಿಗೆ ಬಡಿದು ಹಾಳುಗೆಡವುತ್ತದೆ. ಕೊಕ್ಕೆಗಳ ಬಾಯಿ ಟಯರಿನ ಕಡೆಗಿರದೆ ಹೊರಮುಖವಾಗಿರಬೇಕು, ಇಲ್ಲವಾದರೆ ರಬ್ಬರಿನ ಮಗ್ಗುಲು ಕೊರೆದುಹೋಗುತ್ತದೆ. ಎರಡೂ ಹಿಂದಿನ ಚಕ್ರಗಳಿಗೆ ಕಟ್ಟಬೇಕು, ಡಾಂಬರು ರಸ್ತೆಗೆ ಇಳಿಯುವ ಮುನ್ನ ಬಿಚ್ಚಬೇಕು. ನಮ್ಮ ಜಂಬಿಟ್ಟಿಗೆಯ ಗರಸು ಅರದಂತೆ ತೇಯುವುದರಿಂದ ವೆಲ್ಡಿಂಗ್ ಅಂಗಡಿಯ ಸರಪಳಿ ಒಂದೇ ಹಂಗಾಮಿನಲ್ಲಿ ಅರ್ಧ ಸವೆಯಿತು. ಗಟ್ಟಿಗೊಳಿಸಿದ್ದರಲ್ಲಿ ಸವೆತ ತೀರ ಕಡಿಮೆ. ಅರ್ಧದಷ್ಟು ತೆಳುವಾದ ಕೊಂಡಿಯನ್ನು ನಾನು ಕಾಯದೆ ಬದಲಿಸುತ್ತೇನೆ, ಏಕೆಂದರೆ ಹೊರೆಯ ನಡುವೆ ತುಂಡಾಗಿ ಹಾರುವ ಕೊಂಡಿ ಚಾಲಕನ ಬೆನ್ನಿಗೆ ಬಡಿಯಬಹುದು.

ಕೆಲಸ ಮುಗಿದ ಮೇಲೆ ಮಣ್ಣು ತೊಳೆದು, ಒಣಗಿಸಿ, ಹಳೆಯ ಎಂಜಿನ್ ಎಣ್ಣೆ ಸವರಿ, ಎಡ ಬಲವೆಂದು ಗುರುತು ಹಾಕಿ ಶೆಡ್ಡಿನ ತೊಲೆಗೆ ತೂಗುಹಾಕುತ್ತೇನೆ. ಏಣಿ ಸರಪಳಿಯೂ ಅಲ್ಲೇ ಇದೆ. ಕಣದ ಮುಂದಿನ ಸಮತಟ್ಟು ದಾರಿ ಕೆಸರಾದಾಗ, ಖಾಲಿ ಟ್ರೇಲರ್ ಎಳೆಯಲು ಮಾತ್ರ ಅದನ್ನು ಇಳಿಸುತ್ತೇವೆ.