ಎರೆ ಹೊಲದಲ್ಲಿ ಜೀವಾಣು ಗೊಬ್ಬರ: ಕೆಲವು ಹಿಂಗಾರಿ ಕಳೆದ ಮೇಲೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ನಮ್ಮದು ಎರೆ, ಅಂದರೆ ಕಪ್ಪು ಮಣ್ಣಿನ ಒಣ ಬೇಸಾಯ. ಹಿಂಗಾರಿಗೆ ಕಡಲೆ, ಮಾಲದಂಡಿ ಜೋಳ. ಬಿತ್ತನೆ ಕಡಲೆಗೆ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕ ಹಿಡಿದು ಕೊಡುವ ಜೀವಾಣು), ಪಿಎಸ್‌ಬಿ (ರಂಜಕ ಕರಗಿಸುವ ಜೀವಾಣು), ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಹಚ್ಚುತ್ತೇವೆ, ಜೋಳಕ್ಕೆ ಅಜೋಸ್ಪಿರಿಲಂ ಎಂಬ ಇನ್ನೊಂದು ಜೀವಾಣು. ಪ್ರತಿ ಸಲ ಬದುವಿನ ಕಡೆ ಕೆಲವು ಸಾಲು ಏನೂ ಹಚ್ಚದೆ ಬಿತ್ತುತ್ತೇವೆ. ಹೋಲಿಸಿ ನೋಡದೆ ಹೊಗಳಿದರೆ ಅದು ಸುಮ್ನೆ ಮಾತು.

ಮಳೆ ಚೆನ್ನಾಗಿ ಆದ ವರ್ಷ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಂಡಿದ್ದು 2023ರಲ್ಲಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆಗಿತ್ತು. ಹಚ್ಚದ ಸಾಲಿನ ಕಡಲೆ ಮಧ್ಯಾಹ್ನವೇ ಬಾಡುತ್ತಿತ್ತು, ಹಚ್ಚಿದ್ದು ಇನ್ನೂ ಒಂದಿಷ್ಟು ದಿನ ತಡೆಯಿತು. ಗಿಡ ಸೊರಗಿ ಒಣಗುವ ಸಿಡಿ ರೋಗವೂ ಕಡಿಮೆ. ಹಾಗಂತ ಇಳುವರಿ ಏನು ಉಕ್ಕಲಿಲ್ಲ. ಹಸಿಯೇ ಇಲ್ಲದಾಗ ಯಾವ ಜೀವಾಣು ತಾನೇ ನೀರು ತರುತ್ತದೆ?

ಕಾರಣ ಇರುವುದು ಬೇರಿನಲ್ಲಿ. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣ ಜಾಸ್ತಿ. ಹಾಕಿದ ಡಿಎಪಿ ಗೊಬ್ಬರದ ರಂಜಕ (ಫಾಸ್ಫರಸ್) ಬಹಳಷ್ಟು ಅದಕ್ಕೆ ಕಟ್ಟಿಕೊಂಡು ಬೆಳೆಗೆ ಸಿಗದೆ ಉಳಿಯುತ್ತದೆ. ಪಿಎಸ್‌ಬಿ ಹುಳಿ ಬಿಟ್ಟು ಅದನ್ನು ಕರಗಿಸುತ್ತದೆ. ಅಜೋಸ್ಪಿರಿಲಂ ಇದ್ದರೆ ಕವಲು ಬೇರು, ಎಳೆ ಬೇರು ಜಾಸ್ತಿ ಒಡೆಯುತ್ತವೆ. ಬೇರು ಬೇಗ ಆಳಕ್ಕೆ ಇಳಿದರೆ ಕೆಳಗಿನ ಹಸಿ ಸಿಗುತ್ತದೆ. ಹಿಂಗಾರಿ ಬೆಳೆ ಬದುಕುವುದೇ ಆ ಹಸಿಯ ಮೇಲೆ, ಅಲ್ವಾ?

ದೂರು ಇರುವುದು ಮಾರುವವರ ಮೇಲೆ. ಇದು ಜೀವ ಇರುವ ಮಾಲು, ಬಿಸಿಲು ತಾಗಿದರೆ ಸಾಯುತ್ತದೆ. ಒಂದು ವರ್ಷ ಒಂದು ಅಂಗಡಿಯಲ್ಲಿ ತಗಡಿನ ಕೆಳಗೆ ಒಟ್ಟಿದ್ದ ಪೊಟ್ಟಣ ಕೊಟ್ಟರು. ತಾರೀಕು ಮುಗಿದಿರಲಿಲ್ಲ. ಆದರೂ ಕಡಲೆ ಬೇರಿನಲ್ಲಿ ಗಂಟುಗಳೇ ಸರಿಯಾಗಿ ಕಟ್ಟಲಿಲ್ಲ. ಈಗ ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ತರಿಸುತ್ತೇವೆ. ದೂರ ನಿಜ, ಆದರೆ ಮಾಲು ತಾಜಾ. ಬೆಳೆಯ ಹೆಸರು ಓದಿಯೇ ತಗೊಳ್ಳಿ. ಶೇಂಗಾದ ರೈಜೋಬಿಯಂ ಕಡಲೆಗೆ ಆಗುವುದಿಲ್ಲ.

ಹಚ್ಚುವುದು ಕಷ್ಟ ಅಲ್ಲ. ಆರಿದ ಬೆಲ್ಲದ ಪಾಕದಲ್ಲಿ 200 ಗ್ರಾಂ ಪೊಟ್ಟಣ ಕಲಸಿದರೆ 8–10 ಕೆಜಿ ಬೀಜಕ್ಕೆ ಸಾಕು. ನೆರಳಲ್ಲಿ ಆರಿಸಿ ಅವತ್ತೇ ಬಿತ್ತಬೇಕು. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿದರೆ ದುಡ್ಡು ದಂಡ, ಔಷಧಿ ಅದನ್ನೇ ಕೊಲ್ಲುತ್ತದೆ.

ಕೆಲಸ ಮಾಡಿದೆಯೋ ಇಲ್ಲವೋ ನೋಡಬೇಕಾದರೆ ಬಿತ್ತಿ ತಿಂಗಳು ದಾಟಿದ ಮೇಲೆ ಒಂದು ಗಿಡ ಮಣ್ಣು ಸಮೇತ ಅಗೆದು ತೆಗೆಯಿರಿ. ಗಂಟು ಸೀಳಿದರೆ ಒಳಗೆ ನಸುಗೆಂಪು ಇರಬೇಕು. ಬಿಳಿ ಅಥವಾ ಹಸಿರು ಇದ್ದರೆ ಅದು ಸಾರಜನಕ ಕೊಡುತ್ತಿಲ್ಲ ಎಂದೇ ಲೆಕ್ಕ.

ಐದಕ್ಕೆ ನಾಲ್ಕು ಕೊಡುತ್ತೇನೆ, ಅದೂ ಕಡಲೆಗೆ. ಜೋಳಕ್ಕೆ ಮೂರು ಸಾಕು.