ಸಸ್ಯ ಅಧ್ಯಯನಕ್ಕೆ ಆಗುಂಬೆಯೋ, ಜೋಗಿಮಟ್ಟಿಯೋ?

ಚಿತ್ರದುರ್ಗ, ದಾವಣಗೆರೆಯ ಸಸ್ಯಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಎರಡು ಕಾಡುಗಳಿವೆ: ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಮತ್ತು ಚಿತ್ರದುರ್ಗಕ್ಕೆ ಅಂಟಿಕೊಂಡಿರುವ ಜೋಗಿಮಟ್ಟಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಸುರಿದರೆ, ಚಿತ್ರದುರ್ಗದ ಪಾಲಿಗೆ ಬರುವುದು ಸುಮಾರು ಅದರ ಹತ್ತನೇ ಒಂದು ಭಾಗ. ಉಳಿದ ವ್ಯತ್ಯಾಸಗಳಲ್ಲಿ ಬಹುಪಾಲು ಇದರಿಂದಲೇ ಹುಟ್ಟಿದವು.

ಆಗುಂಬೆಯ ನಿತ್ಯಹರಿದ್ವರ್ಣ ಕಾಡಿನಲ್ಲಿ ಧೂಪ, ಹೆಬ್ಬಲಸಿನಂಥ ಎತ್ತರದ ಮರಗಳ ನೆರಳಲ್ಲಿ ಮತ್ತೊಂದು ಸ್ತರ, ಅದರಡಿ ಬೆತ್ತ, ಜರಿಗಿಡಗಳು, ಕೊಂಬೆಗಳ ಮೇಲೆ ಸೀತಾಳೆಗಳು (ಆರ್ಕಿಡ್‌ಗಳು) ಬೆಳೆಯುತ್ತವೆ. ಹಲವು ಎಲೆಗಳ ತುದಿ ಬಾಲದಂತೆ ನೀಳವಾಗಿದ್ದು, ಮಳೆನೀರು ಅಲ್ಲಿಂದ ತೊಟ್ಟಿಕ್ಕಿ ಇಳಿದುಹೋಗುತ್ತದೆ. ಇಷ್ಟು ಹಸಿರಿನ ಕೆಳಗಿನ ಮಣ್ಣು ಫಲವತ್ತಾಗಿರಲೇಬೇಕೆಂಬ ಊಹೆ ಮಾತ್ರ ಸರಿಯಲ್ಲ: ಪೋಷಕಾಂಶಗಳನ್ನು ಮಳೆ ತೊಳೆದೊಯ್ಯುವುದರಿಂದ, ಉದುರಿದ ಎಲೆಗಳನ್ನು ಗೆದ್ದಲು ಮತ್ತು ಶಿಲೀಂಧ್ರಗಳು ಕೊಳೆಸುತ್ತಿದ್ದಂತೆ ಮೇಲ್ಪದರದಲ್ಲೇ ಹರಡಿದ ಬೇರುಗಳು ಆ ಸಾರವನ್ನು ಹೀರಿ ಮತ್ತೆ ಮರಕ್ಕೇರಿಸುತ್ತವೆ.

ಜೋಗಿಮಟ್ಟಿಯದು ಎಲೆಯುದುರುವ ಒಣಕಾಡು ಮತ್ತು ಕುರುಚಲು. ದಿಂಡಲು, ಕಗ್ಗಲಿಯಂಥ ಮರಗಳು ಬೇಸಿಗೆಯಲ್ಲಿ ಎಲೆ ಕಳಚಿ ನೀರುಳಿಸುತ್ತವೆ. ಮರಗಳು ಗಿಡ್ಡವಾದ್ದರಿಂದ ಹೂವು, ಕಾಯಿ ಕಣ್ಣಳತೆಯಲ್ಲೇ ಸಿಗುತ್ತವೆ. ಆಗುಂಬೆಯಲ್ಲಿ ಹೂ ನೋಡಲು ದುರ್ಬೀನು ಬೇಕು, ಮಳೆಗಾಲದಲ್ಲಾದರೆ ಉಂಬಳಗಳ ಕಾಟ ಬೇರೆ.

ಗಿಡ ಗುರುತಿಸುವುದನ್ನು ಈಗಷ್ಟೇ ಕಲಿಯುತ್ತಿರುವವರಿಗೆ ಮಳೆ ಮುಗಿದ ಅಕ್ಟೋಬರ್‌ನಲ್ಲಿ ಜೋಗಿಮಟ್ಟಿಯೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಕಾಡಿನ ಸ್ತರಗಳು, ಕೊಂಬೆಗಳ ಮೇಲೆ ಬೆಳೆಯುವ ಗಿಡಗಳು, ಪೋಷಕಾಂಶಗಳ ಚಕ್ರ ಅಧ್ಯಯನದ ವಿಷಯವಾಗಿದ್ದರೆ ಡಿಸೆಂಬರ್‌ನಲ್ಲಿ ಆಗುಂಬೆಗೆ ಹೋಗಬೇಕು. ಎರಡೂ ಕಡೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯತಕ್ಕದ್ದು.